ಲಿಸ್ಪ್ ಲೈಬ್ರರಿಯ ಪ್ಯಾಕೇಜ್: ಕ್ವಿಕ್‌ಲಿಸ್ಪ್, ನಿಕ್ಸ್ ನೋಡಿದ ಮೇಲೂ ನನ್ನ ಓಟು ಗೀಕ್ಸ್‌ಗೆ

ಕಾಮನ್ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿಗಳನ್ನು ಪ್ಯಾಕೇಜ್ ಮಾಡುವುದಿದ್ದರೆ, ಎಂದರೆ ಬೇರೆ ಯಂತ್ರದಲ್ಲೂ ಸಲೀಸಾಗಿ ಇನ್‌ಸ್ಟಾಲ್ ಆಗುವಂತೆ ಕಟ್ಟಿಡುವುದಿದ್ದರೆ, ನನ್ನ ಆಯ್ಕೆ ಗ್ನೂ ಗೀಕ್ಸ್ ಎಂಬ ಪ್ಯಾಕೇಜ್ ಮ್ಯಾನೇಜರ್. ಲಿಸ್ಪ್ ಲೈಬ್ರರಿ ಇಳಿಸಿಕೊಡುವ ಕ್ವಿಕ್‌ಲಿಸ್ಪ್, ಗೀಕ್ಸ್‌ನಂಥದ್ದೇ ಇನ್ನೊಂದು ಪ್ಯಾಕೇಜ್ ಮ್ಯಾನೇಜರ್ ನಿಕ್ಸ್, ಎರಡನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತು ಇದು, ನಿಷ್ಪಕ್ಷಪಾತದ್ದೇನೂ ಅಲ್ಲ. ಲಿಸ್ಪ್ ಬರೆದು ಕೈ ಪಳಗಿದವನಿಗೆ ಪ್ಯಾಕೇಜಿನ ವಿವರವನ್ನೂ ಲಿಸ್ಪ್‌ನದೇ ಒಂದು ಪ್ರಭೇದವಾದ ಸ್ಕೀಮ್‌ನಲ್ಲೇ ಬರೆಯಬಹುದು ಎಂದಾಗ ಮನಸ್ಸು ಅರ್ಧ ಅಲ್ಲೇ ಸೋಲುತ್ತದೆ.

ನನ್ನ ಬೇಡಿಕೆ ಸಣ್ಣದು. ಎಸ್‌ಬಿಸಿಎಲ್‌ನಲ್ಲಿ (ಕಾಮನ್ ಲಿಸ್ಪ್‌ನ ಒಂದು ಕಂಪೈಲರ್) ಬರೆದ, ಎಸ್‌ಕ್ಯೂಲೈಟ್ ಡೇಟಾಬೇಸ್ ಓದುವ ಒಂದು ಪ್ರೋಗ್ರಾಂ ಬೇರೆ ಕಂಪ್ಯೂಟರಿನಲ್ಲೂ ತಕರಾರಿಲ್ಲದೆ ಓಡಬೇಕು.

2010ರಿಂದ ಇರುವ ಕ್ವಿಕ್‌ಲಿಸ್ಪ್‌ನಲ್ಲಿ ಒಂದು ಸಾಲು ಬರೆದರೆ ಲೈಬ್ರರಿಯೂ ಅದು ನೆಚ್ಚಿಕೊಂಡ ಬೇರೆ ಲೈಬ್ರರಿಗಳೂ ಇಳಿದು ಬರುತ್ತವೆ. ಹೊಸ ಲೈಬ್ರರಿಯ ರುಚಿ ನೋಡಲು ಇವತ್ತಿಗೂ ಅದನ್ನೇ ತೆರೆಯುತ್ತೇನೆ. ಆದರೆ ಅದರ ಜವಾಬ್ದಾರಿ ಲಿಸ್ಪ್‌ನ ಗಡಿಯಲ್ಲೇ ಮುಗಿಯುತ್ತದೆ. ಎಸ್‌ಕ್ಯೂಲೈಟ್‌ನಂಥ, ಸಿ ಭಾಷೆಯಲ್ಲಿ ಬರೆದ ಲೈಬ್ರರಿ ನಿಮ್ಮ ಯಂತ್ರದಲ್ಲಿದ್ದರೆ ಸರಿ, ಇಲ್ಲದಿದ್ದರೆ ನಿಮ್ಮ ಪಾಡು ನಿಮಗೆ.

ನಿಜವಾದ ತಲೆನೋವು ಈ ಸಿ ಲೈಬ್ರರಿಯದ್ದೇ. ಲಿಸ್ಪ್‌ನಿಂದ ಸಿ ಕಡೆಗೆ ಹೋಗಲು ಹೆಚ್ಚಿನವರು ಬಳಸುವುದು ಸಿಎಫ್‌ಎಫ್‌ಐ ಎಂಬ ಸೇತುವೆ ಲೈಬ್ರರಿ. ಅದರ ಮೂಲಕ ಎಸ್‌ಕ್ಯೂಲೈಟ್ ಕರೆಯುವ ಲೈಬ್ರರಿ ಸಾಮಾನ್ಯವಾಗಿ ಫೈಲಿನ ಹೆಸರನ್ನಷ್ಟೇ ಹೇಳುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ. ಮಾಮೂಲಿ ಲಿನಕ್ಸ್‌ನಲ್ಲಿ ಗೊತ್ತಾದ ಫೋಲ್ಡರುಗಳಲ್ಲಿ ಹುಡುಕಿದರೆ ಸಿಗುತ್ತದೆ. ನಿಕ್ಸ್ ಮತ್ತು ಗೀಕ್ಸ್‌ನಲ್ಲಿ ಪ್ರತಿ ಪ್ಯಾಕೇಜೂ ಸ್ಟೋರ್ ಎಂಬ ಒಂದೇ ದೊಡ್ಡ ಫೋಲ್ಡರಿನ ಒಳಗೆ, ಹ್ಯಾಶ್ ಎಂಬ ಉದ್ದನೆಯ ಗುರುತಿನ ಅಕ್ಷರಸಾಲನ್ನು ಹೆಸರಿನಲ್ಲಿ ಹೊತ್ತ ತನ್ನದೇ ಫೋಲ್ಡರಿನಲ್ಲಿ ಇರುತ್ತದೆ. ಬರೀ ಹೆಸರು ಹಿಡಿದು ಹೋದರೆ ಅಲ್ಲಿ ಏನೂ ಸಿಗುವುದಿಲ್ಲ. ಲಿಸ್ಪ್ ಕೋಡ್ ಕಂಪೈಲ್ ಆಗುವಾಗಲೇ ಆ ಲೈಬ್ರರಿಯನ್ನು ತೆರೆಯಲು ಹೊರಡುವುದರಿಂದ ಬಿಲ್ಡ್ ಅಲ್ಲಿಗೇ ನಿಲ್ಲುತ್ತದೆ.

ನಿಕ್ಸ್‌ನ ಮದ್ದು ಸಲೀಸಾಗಿದೆ: ಬೇಕಾದ ಸಿ ಲೈಬ್ರರಿಗಳ ಪಟ್ಟಿ ಕೊಡಿ, ಅವುಗಳ ಜಾಗವನ್ನು ಅದು ಎಲ್‌ಡಿ ಲೈಬ್ರರಿ ಪಾತ್ (LD_LIBRARY_PATH) ಎಂಬ ಪರಿಸರ ಚರಾಂಶಕ್ಕೆ, ಎಂದರೆ ಪ್ರೋಗ್ರಾಂಗಳು ಲೈಬ್ರರಿ ಹುಡುಕುವಾಗ ನೋಡುವ ಜಾಗಗಳ ಪಟ್ಟಿಗೆ, ಸೇರಿಸುತ್ತದೆ. ಪ್ರಾಂಪ್ಟ್‌ನಲ್ಲಿ ಕುಳಿತು ಕೆಲಸ ಮಾಡುವಷ್ಟು ಹೊತ್ತೂ ಎಲ್ಲವೂ ಸೊಗಸು. ಪ್ರೋಗ್ರಾಂ ಅನ್ನು ಇಮೇಜ್ ಆಗಿ, ಎಂದರೆ ನೇರ ಓಡಿಸಬಹುದಾದ ಒಂದೇ ಫೈಲಾಗಿ, ಉಳಿಸಿ ಬೇರೆ ಟರ್ಮಿನಲ್‌ನಿಂದ ಓಡಿಸಿದೆನೋ, ಮೊದಲ ಸಾಲಿನಲ್ಲೇ ಡಿಬಗ್ಗರ್ ಎದ್ದು ನಿಂತಿತು. ಎಸ್‌ಬಿಸಿಎಲ್ ಇಮೇಜ್ ಏಳುವಾಗ ಸಿ ಲೈಬ್ರರಿಗಳನ್ನು ಅದೇ ಹೆಸರಿನಿಂದ ಮತ್ತೆ ತೆರೆಯುತ್ತದೆ. ಹೊಸ ಟರ್ಮಿನಲ್‌ನಲ್ಲಿ ಆ ಚರಾಂಶ ಇಲ್ಲ. ಸುತ್ತ, ಚರಾಂಶ ತುಂಬಿ ಆಮೇಲೆ ಪ್ರೋಗ್ರಾಂ ಓಡಿಸುವ ಒಂದು ರ‍್ಯಾಪರ್ ಸ್ಕ್ರಿಪ್ಟ್ ಹೆಣೆದರೆ ಸರಿಹೋಗುತ್ತದೆ, ಹೆಣೆದೆ ಕೂಡ. ಆದರೆ ಊರುಗೋಲಿಲ್ಲದೆ ನಿಲ್ಲಲಾರದ ಬೈನರಿ ನನಗೆ ಇಷ್ಟವಾಗಲಿಲ್ಲ.

ಗೀಕ್ಸ್‌ನವರ ರೂಢಿ ಬೇರೆ. ಕೋಡ್ ಬಿಚ್ಚಿದ ಕೂಡಲೇ, ಕಂಪೈಲ್‌ಗೆ ಮುಂಚೆ, ಒಂದು ಹಂತ ಸೇರಿಸಿ ಲಿಸ್ಪ್ ಫೈಲಿನಲ್ಲಿರುವ ಆ ಬರೀ ಹೆಸರನ್ನು ಸ್ಟೋರ್‌ನ ಪೂರ್ಣ ವಿಳಾಸಕ್ಕೆ ಬದಲಿಸುತ್ತಾರೆ. ನಾಲ್ಕೈದು ಸಾಲಿನ ಸ್ಕೀಮ್. ವಿಳಾಸ ಕೋಡಿನೊಳಗೇ ಅಚ್ಚಾಗುವುದರಿಂದ ಇಮೇಜ್ ಎಲ್ಲಿಂದ ಓಡಿಸಿದರೂ ದಾರಿ ತಪ್ಪುವುದಿಲ್ಲ. ಕಿರಿಕಿರಿ ಇಲ್ಲವೆಂದಲ್ಲ: ಮ್ಯಾಕ್‌ಗೆ, ವಿಂಡೋಸ್‌ಗೆ, ಯುನಿಕ್ಸ್‌ಗೆ ಬೇರೆ ಬೇರೆ ಹೆಸರು ಬರೆದ ಫೈಲಿನಲ್ಲಿ ನಮ್ಮ ಸಾಲನ್ನಷ್ಟೇ ಹಿಡಿಯುವ ರೆಜೆಕ್ಸ್ (ಪಠ್ಯ ಹುಡುಕುವ ಮಾದರಿ) ಬೇಕು, ಮೂಲ ಲೇಖಕರು ಆ ಸಾಲು ಬದಲಿಸಿದರೆ ನಾವೂ ಬದಲಿಸಬೇಕು.

ಇದರಲ್ಲೊಂದು ಮೋಜಿನ ಸಂಗತಿ ಇದೆ. ಎಸ್‌ಬಿಸಿಎಲ್ ಸಾಮಾನ್ಯ ಸ್ಟ್ರಿಂಗ್‌ನ ಪ್ರತಿ ಅಕ್ಷರಕ್ಕೂ 4 ಬೈಟ್ ಕೊಡುತ್ತದೆ. ಯಾವ ಪ್ಯಾಕೇಜಿಗೆ ಯಾವುದು ಬೇಕು ಎಂದು ಸ್ಟೋರ್ ಪತ್ತೆ ಹಚ್ಚುವುದು ಫೈಲುಗಳಲ್ಲಿ ಹ್ಯಾಶ್ ಹುಡುಕಿ. ಅಕ್ಷರಗಳ ನಡುವೆ ಸೊನ್ನೆ ಬೈಟ್‌ಗಳು ತುಂಬಿಕೊಂಡ ವಿಳಾಸ ಆ ಕಣ್ಣಿಗೆ ಬೀಳದೆ ಹೋಗಿ ಗೀಕ್ಸ್‌ನಲ್ಲಿ ಒಂದು ಕಾಲಕ್ಕೆ ದೊಡ್ಡ ಚರ್ಚೆಯೇ ಆಗಿತ್ತು. ಲೈಬ್ರರಿಗಳ ಮಟ್ಟಿಗೆ ಮೂಲ ಕೋಡ್ ಕೂಡ ಜೊತೆಯಲ್ಲೇ ಇನ್‌ಸ್ಟಾಲ್ ಆಗುತ್ತದೆ, ಅದರಲ್ಲಿ ವಿಳಾಸ ಸರಳ ಅಕ್ಷರಗಳಲ್ಲಿರುತ್ತದೆ, ಹಾಗಾಗಿ ಬಚಾವು.

ಉಳಿದದ್ದು ಚಿಲ್ಲರೆ. ಆವೃತ್ತಿ ಸಂಖ್ಯೆಯನ್ನೇ ಕೊಡದ ಲಿಸ್ಪ್ ಲೇಖಕರು ಬಹಳ, ಗೀಕ್ಸ್‌ನಲ್ಲಿ ಅವರ ಲೈಬ್ರರಿಗಳಿಗೆ 0.0.0 ಎಂದು ಬರೆದು ಕಮಿಟ್ ಹ್ಯಾಶ್ (ಕೋಡಿನ ಆ ಹಂತದ ಗುರುತು) ಅಂಟಿಸುತ್ತೇವೆ. ಎಸ್‌ಬಿಸಿಎಲ್‌ಗೆ ಬರೆದ ಪ್ಯಾಕೇಜಿನಿಂದ ಇಸಿಎಲ್ ಎಂಬ ಇನ್ನೊಂದು ಲಿಸ್ಪ್ ಕಂಪೈಲರಿನ ಪ್ಯಾಕೇಜ್ ಹುಟ್ಟಿಸಲು ಒಂದೆರಡು ಸಾಲು ಸಾಕು. ಸಿದ್ಧ ಲೈಬ್ರರಿಗಳ ರಾಶಿಯಲ್ಲಿ ನಿಕ್ಸ್ ಮುಂದು, ಕ್ವಿಕ್‌ಲಿಸ್ಪ್‌ನ ಪಟ್ಟಿಯನ್ನು ಸ್ಕ್ರಿಪ್ಟ್ ಹಾಕಿ ಇಡಿಯಾಗಿ ಎಳೆದುಕೊಂಡಿದ್ದಾರೆ.

ಗೀಕ್ಸ್‌ನ ದೊಡ್ಡ ಬೇಸರ ನಿಧಾನ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಪ್ಯಾಕೇಜ್ ಪಟ್ಟಿಯನ್ನು ಹೊಸದಾಗಿಸುವ ಗೀಕ್ಸ್ ಪುಲ್ ಆದೇಶ ಕೊಟ್ಟರೆ ಫ್ಯಾನ್ ಕೂಗಾಡುತ್ತದೆ, ಮೊಬೈಲ್ ಹಾಟ್‌ಸ್ಪಾಟ್‌ನ ಡೇಟಾ ಕರಗುತ್ತದೆ. ಅದಕ್ಕೇ ಪುಲ್ ಕೊಡುವುದು ಅಪರೂಪಕ್ಕೆ, ಅದೂ ರಾತ್ರಿ ಮಲಗುವ ಮುಂಚೆ. ಹೊಸ ಆವೃತ್ತಿಗಳ ಹಿಂದೆ ಓಡುವ ಚಟ ನನಗಿಲ್ಲ, ಹಾಗಾಗಿ ಹೊಂದುತ್ತದೆ. ಮ್ಯಾಕ್ ಬಳಸುವವರಿಗೆ ಮಾತ್ರ ಈ ವಾದವೆಲ್ಲ ವ್ಯರ್ಥ: ಗೀಕ್ಸ್ ಅಲ್ಲಿ ಓಡುವುದೇ ಇಲ್ಲ, ನಿಕ್ಸ್ ಹಾಕಿಕೊಂಡು ರ‍್ಯಾಪರ್ ಬರೆಯಲು ಕುಳಿತುಕೊಳ್ಳಿ.