ಸೆಣಬು, ಡಯಾಂಚ, ಹುರುಳಿ: ನಮ್ಮ ಮಸಾರಿ ದ್ರಾಕ್ಷಿ ತೋಟಕ್ಕೆ ಹೊಂದಿದ್ದು ಯಾವುದು?

ನಮ್ಮ ತೋಟ ಕುಷ್ಟಗಿ ಕಡೆ. ಎರಡು ಎಕರೆ ದ್ರಾಕ್ಷಿ, ಮಸಾರಿ ಅಂದರೆ ಕೆಂಪು ಮಣ್ಣು, ಒಂದೇ ಬೋರು. ಬೇಸಿಗೆಯಲ್ಲಿ ಅದೂ ಮುಕ್ಕಾಲು ಗಂಟೆ ನೀರು ಕೊಟ್ಟು ಕೆಮ್ಮುತ್ತದೆ. ಒಂದು ಮಳೆ ಬಿದ್ದು ಬಿಸಿಲು ಬಿತ್ತೆಂದರೆ ಮಣ್ಣಿನ ಮೇಲೆ ಹೆಪ್ಪಳಿಕೆ, ಗಟ್ಟಿ ಪದರ. ಮುಂದಿನ ಮಳೆಯ ನೀರು ಒಳಗೆ ಇಳಿಯದೆ ಬದುವಿನ ಕಡೆ ಓಡುತ್ತದೆ. ತಿಪ್ಪೆ ಗೊಬ್ಬರ ಹಾಕೋಣ ಅಂದರೆ ಮನೆಯಲ್ಲಿ ದನ ಎರಡೇ, ಟ್ರಾಲಿ ರೇಟು ಕೇಳುವ ಹಾಗಿಲ್ಲ. ಹಾಗಾಗಿ ಎರಡು ಮಳೆಗಾಲ ಸಾಲುಗಳ ನಡುವೆ ಹಸಿರೆಲೆ ಗೊಬ್ಬರ, ಅಂದರೆ ಹಸಿರಿರುವಾಗಲೇ ಮಣ್ಣಿಗೆ ಸೇರಿಸುವ ಬೆಳೆ, ಬೆಳೆದು ನೋಡಿದೆ. ನಾಲ್ಕು ಸಾಲಿಗೆ ಸೆಣಬು, ನಾಲ್ಕಕ್ಕೆ ಡಯಾಂಚ, ನಾಲ್ಕಕ್ಕೆ ಹುರುಳಿ. ಇನ್ನು ನಾಲ್ಕು ಸಾಲು ಏನೂ ಬಿತ್ತದೆ ಹಾಗೇ ಬಿಟ್ಟೆ, ಹೋಲಿಸಬೇಕಲ್ವಾ.

ಸಾಲಿನಿಂದ ಸಾಲಿಗೆ 10 ಅಡಿ. ನಡುವಿನ 5 ಅಡಿಯಲ್ಲಿ ಮಾತ್ರ ಬಿತ್ತಿದೆ, ಬುಡದ ಕಡೆ, ಡ್ರಿಪ್ ಪೈಪಿನ ಕಡೆ ಹೋಗಲಿಲ್ಲ. ಏಪ್ರಿಲ್ ಚಾಟ್ನಿ (ದ್ರಾಕ್ಷಿ ಬಳ್ಳಿ ಕತ್ತರಿಸುವುದು) ಮುಗಿದು ಜೂನ್ ಮಳೆ ಬಿದ್ದ ಮೇಲೆ ಬಿತ್ತನೆ. ಅಕ್ಟೋಬರ್ ಚಾಟ್ನಿ ಹೊತ್ತಿಗೆ ಎಲ್ಲ ಕೊಳೆತು ಮಣ್ಣಾಗಿರಬೇಕು. ಲೆಕ್ಕ ಸರಳ. ಆದರೆ ಲೆಕ್ಕದಂತೆ ಮಳೆ ಬರಬೇಕಲ್ಲ.

ಸೊಪ್ಪು ಎಷ್ಟು ಅಂತ ಕೇಳಿದರೆ ಸೆಣಬಿಗೆ ಸಾಟಿ ಇಲ್ಲ. ಒಂದು ತಿಂಗಳಿಗೆ ಸೊಂಟಕ್ಕೆ ಬಂತು, ಕೆಳಗೆ ಕಸ ಏಳಲು ಬಿಡಲಿಲ್ಲ. ಒಂದು ಗಿಡ ಕಿತ್ತು ಬೇರಿನ ಗಂಟು ಉಗುರಿನಿಂದ ಒಡೆದೆ, ಒಳಗೆ ನಸುಗೆಂಪು. ಆ ಬಣ್ಣ ಇದ್ದರೆ ಗಂಟು ಗಾಳಿಯ ಸಾರಜನಕ ಹಿಡಿಯುತ್ತಿದೆ ಅಂತ ಅರ್ಥ. ದ್ರಾಕ್ಷಿ ಬೇರಿನಲ್ಲಿ ರೋಗದ ಗಂಟು ಎಬ್ಬಿಸಿ ಕಾಡುವ ಜಂತುಹುಳುವೂ ಸೆಣಬಿನಲ್ಲಿ ಹೆಚ್ಚುವುದಿಲ್ಲ. ಅಲಸಂದಿ ಬಿತ್ತಬೇಕು ಅಂದುಕೊಂಡವನು ಕೈಬಿಟ್ಟಿದ್ದು ಇದಕ್ಕೇ, ಆ ಹುಳುವಿಗೆ ಅಲಸಂದಿ ಬೇರು ಅಂದರೆ ಹಬ್ಬ.

ಮೊದಲ ವರ್ಷ ಸೆಣಬಿನಲ್ಲಿ ನಾನು ಮಾಡಿದ ತಪ್ಪು ಕೇಳಿ. 45 ದಿನಕ್ಕೆ, ಹೂ ಶುರುವಾಗುವಾಗ ಮಣ್ಣಿಗೆ ಸೇರಿಸಬೇಕಿತ್ತು. ಹಳದಿ ಹೂ ನೋಡಲು ಚೆಂದ, ಹೋಗಿ ಬರುವವರೆಲ್ಲ ಫೋಟೋ ತೆಗೆಯುತ್ತಿದ್ದರು. ಇರಲಿ ಬಿಡು ಅಂತ ಇನ್ನೂ ಮೂರು ವಾರ ಬಿಟ್ಟೆ. ಕಾಂಡ ನಾರಾಯಿತು. ಮಿನಿ ಟ್ರ್ಯಾಕ್ಟರ್ ಇಳಿಸಿದರೆ ಇಪ್ಪತ್ತು ಹೆಜ್ಜೆಗೆ ರೋಟಾವೇಟರ್ ನಿಂತಿತು. ಬ್ಲೇಡಿಗೆಲ್ಲ ನಾರು ಹಗ್ಗದಂತೆ ಸುತ್ತಿಕೊಂಡಿತ್ತು. ಡ್ರೈವರ್ ಇಳಿದು, ಕುಡುಗೋಲಿನಿಂದ ಕೊಯ್ದು ಕೊಯ್ದು ತೆಗೆಯುತ್ತಾ, "ಅಣ್ಣಾ, ಗೊಬ್ಬರ ಬೆಳ್ದೀಯೋ, ಹಗ್ಗ ಬೆಳ್ದೀಯೋ?" ಅಂದ. ಅರ್ಧ ದಿನ ಅದರಲ್ಲೇ ಹೋಯಿತು. ಬಲಿತ ಕಡ್ಡಿ ಅಕ್ಟೋಬರಿನಲ್ಲೂ ಮಣ್ಣಿನಲ್ಲಿ ಹಾಗೇ ಇತ್ತು.

ಡಯಾಂಚ ಬಂದದ್ದು ಗಂಗಾವತಿ ಬೀಗರ ಮಾತಿನ ಮೇಲೆ. ಅವರದು ತುಂಗಭದ್ರಾ ಕಾಲುವೆ ನೀರು, ಭತ್ತದ ಗದ್ದೆ. ನಾಟಿಗೆ ಮುಂಚೆ ಡಯಾಂಚ ಬೆಳೆದು ಕೆಸರಿಗೆ ತುಳಿಯುತ್ತಾರೆ. ಅಲ್ಲಿ ಅದು ರಾಜ. ನಮ್ಮ ಮೇಲಿನ ಒಣ ಮಸಾರಿಯಲ್ಲಿ ಮೊಣಕಾಲು ದಾಟಲಿಲ್ಲ. ತಗ್ಗಿನ ಮೂಲೆಯಲ್ಲಿ ಮಾತ್ರ ಕಥೆ ಬೇರೆ. ಅಲ್ಲಿ ಬೋರಿನ ಉಪ್ಪು ನೀರಿನಿಂದ ನೆಲ ಬೆಳ್ಳಗಾಗಿದೆ, ಮಳೆ ನೀರೂ ನಿಲ್ಲುತ್ತದೆ. ಅಲ್ಲಿಗೂ ಹರಡಿದ್ದ ಸೆಣಬು ಹಳದಿಯಾಗಿ ಸತ್ತಿತು, ಡಯಾಂಚ ಎದೆಮಟ್ಟ ನಿಂತಿತು. ಅಷ್ಟು ಎತ್ತರ ಬೆಳೆದಾಗ ಹಂದರದ ಕೆಳಗೆ ಗಾಳಿ ಆಡಲಿಲ್ಲ, ಆ ಸಾಲುಗಳಲ್ಲೇ ದ್ರಾಕ್ಷಿಗೆ ಡೌನಿ ಬೂಜು ರೋಗ ಮೊದಲು ಕಾಣಿಸಿತು.

ಹುರುಳಿಯನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬೀಜ ಮನೆಯಲ್ಲಿತ್ತು, ಸುಮ್ನೆ ಹಾಕಿದೆ. ಎರಡನೇ ವರ್ಷ ಜುಲೈನಲ್ಲಿ ಮಳೆ ಕೈಕೊಟ್ಟಿತು. ಸೆಣಬಿನ ಸಾಲುಗಳಲ್ಲಿ ಮಧ್ಯಾಹ್ನ ದ್ರಾಕ್ಷಿ ಎಲೆ ಬಾಡತೊಡಗಿದವು. ಎತ್ತರದ ಗಿಡ ನೀರು ಕುಡಿಯದೇ ಇರುತ್ತದೆಯೇ? 35 ದಿನಕ್ಕೇ ಕೊಯ್ದು ಬುಡಕ್ಕೆ ಮುಚ್ಚಿಗೆ ಹಾಸಿದೆ, ಆಮೇಲೆ ಸುಧಾರಿಸಿತು. ಹುರುಳಿ ಸಾಲಿನ ದ್ರಾಕ್ಷಿಗೆ ಏನೂ ಆಗಲಿಲ್ಲ. ಅದು ನೆಲಕ್ಕೆ ಹಬ್ಬಿ ಚಾಪೆಯಂತೆ ಮಲಗಿತ್ತು. ಬಳ್ಳಿ ಎತ್ತಿ ಕೈ ಇಟ್ಟರೆ ಕೆಳಗಿನ ಮಣ್ಣು ತಣ್ಣಗೆ. ಸೊಪ್ಪು ಸೆಣಬಿನ ಅರ್ಧವೂ ಇಲ್ಲ, ಅದು ನಿಜ. ಕಾಟವೂ ಉಂಟು. ಒಂದು ಸಂಜೆ ಪಕ್ಕದ ಹೊಲದ ಕುರಿಗಳು ನುಗ್ಗಿ ಎರಡು ಸಾಲು ಸಾಫ್ ಮಾಡಿದವು. ಸೆಣಬಿಗೆ ಬಾಯಿ ಹಾಕಲೂ ಇಲ್ಲ. ಉಳಿದದ್ದನ್ನು ಹೂವಿನಲ್ಲೇ ಮಗುಚಲು ಹೋದರೆ ಅವ್ವನ ಜಗಳ: "ಕಾಯಿ ಆಗೂ ಬೆಳೀನ ಮಣ್ಣಿಗೆ ಹಾಕ್ತಾರೇನೋ ತಮ್ಮಾ?" ಕಾಯಿ ಕಟ್ಟಿದರೆ ಸತ್ವವೆಲ್ಲ ಕಾಳಿಗೆ ಹೋಗುತ್ತದೆ, ಮಣ್ಣಿಗೆ ಬರೀ ಹೊಟ್ಟು ಅಂದೆ. ಒಪ್ಪಲಿಲ್ಲ.

ಎರಡನೇ ವರ್ಷದ ಕೊನೆಗೆ ಒಂದು ಪರೀಕ್ಷೆ ಮಾಡಿದೆ. ಆರಿಂಚಿನ ಪಿವಿಸಿ ಪೈಪಿನ ತುಂಡನ್ನು ಸಾಲಿನ ನಡುವೆ ಎರಡು ಇಂಚು ಬಡಿದು, ಒಂದು ಲೀಟರ್ ನೀರು ಸುರಿದೆ. ಏನೂ ಬಿತ್ತದ ಸಾಲಿನಲ್ಲಿ ನಾನು ಚಹಾ ಕುಡಿದು ಮುಗಿಸಿದರೂ ನೀರು ನಿಂತೇ ಇತ್ತು. ಸೆಣಬಿನ ಸಾಲಿನಲ್ಲಿ ಎರಡು ಗುಟುಕಿಗೆ ಇಳಿದುಹೋಯಿತು. ಹುರುಳಿಯದು ಅರ್ಧ ಕಪ್ಪಿಗೆ. ಮೇಲಿನ ಡಯಾಂಚ ಸಾಲಿಗೂ ಬರಿ ಸಾಲಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಇಳುವರಿ ಜಾಸ್ತಿ ಆಯಿತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ, ಗೊನೆ ತೂಕದಲ್ಲಿ ಇನ್ನೂ ಏನೂ ಕಂಡಿಲ್ಲ. ಡ್ರಿಪ್ ಬಿಡುವ ಹೊತ್ತು ಮಾತ್ರ ಸೆಣಬಿನ ಸಾಲುಗಳಲ್ಲಿ ಕಡಿಮೆ ಮಾಡಿದ್ದೇನೆ.

ಈ ಜೂನಿಗೆ ಮೇಲಿನ ಗರಸು (ಸಣ್ಣ ಕಲ್ಲಿನ) ಭಾಗಕ್ಕೆಲ್ಲ ಹುರುಳಿ. ನಡುವಿನ ಸಾಲುಗಳಿಗೆ ಸೆಣಬು, ಮಳೆ ಬಂದರೆ 45 ದಿನ, ಬರದಿದ್ದರೆ 35ಕ್ಕೇ ಕೊಯ್ಲು. ಡಯಾಂಚ ಆ ಉಪ್ಪು ಮೂಲೆಗೆ ಮಾತ್ರ, ಅದೂ ಸೊಂಟಕ್ಕೆ ಬರುವ ಮುಂಚೆ ಕೊಯ್ಯುತ್ತೇನೆ. ಬದುವಿನ ಆಚೆ ಎರಡು ಸಾಲು ಹುರುಳಿಯನ್ನು ಅವ್ವನ ಕಾಳಿಗೆ ಅಂತ ಬಿಟ್ಟಿದ್ದೇನೆ. ಕುರಿ ಕಾಯುವುದು ಅವಳದೇ ಕೆಲಸ.