ಕಾಲೇಜು ಕ್ಲಾಸು, ಎನ್‌ಪಿಟೆಲ್, ಸಿಎಸ್50: ಮೂರನ್ನೂ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಪ್ರೋಗ್ರಾಂ ಬರೆಯುವ ಕೈ ಕುದುರಬೇಕಾದರೆ ಹಾರ್ವರ್ಡ್‌ನ ಆನ್‌ಲೈನ್ ಕೋರ್ಸು ಸಿಎಸ್50. ಬರೆದದ್ದು ಯಾಕೆ ನಿಧಾನ, ಯಾಕೆ ವೇಗ ಎಂದು ತಿಳಿಯಬೇಕಾದರೆ ಐಐಟಿಗಳ ಆನ್‌ಲೈನ್ ಪಾಠ ಎನ್‌ಪಿಟೆಲ್. ಎದುರಿಗೆ ಕೂತು ಸಂಶಯ ಕೇಳಬೇಕಾದರೆ ಕಾಲೇಜು. ಒಂದರಿಂದ ಮೂರೂ ಕೆಲಸ ಆಗುವುದಿಲ್ಲ.

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ, ಮಂಜೇಶ್ವರ ಕಡೆಯಿಂದ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಕಣ್ಣೂರು ವಿಶ್ವವಿದ್ಯಾಲಯದ ಯಾವುದಾದರೂ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಡಿಗ್ರಿಗೆ ಸೇರಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ಅದೇ ದಾರಿಯಲ್ಲಿ ಬಂದವನು. ಸೇರಿದ ಹೊಸತರಲ್ಲಿ ನಮ್ಮವರಿಗೆ ಒಂದು ಹೆದರಿಕೆ ಇರುತ್ತದೆ: "ನಮಗೆ ಏನೂ ಗೊತ್ತಿಲ್ಲ, ಉಳಿದವರೆಲ್ಲ ಮುಂದೆ ಇದ್ದಾರೆ." ಇದು ನಿಜ ಅಲ್ಲ. ಕೇರಳದ ಸರಕಾರಿ, ಅನುದಾನಿತ ಶಾಲೆಗಳಲ್ಲಿ ಓದಿದವರು ಹೈಸ್ಕೂಲಿನಲ್ಲೇ ಉಬುಂಟು (ವಿಂಡೋಸ್ ಬದಲು ಬಳಸುವ ಲಿನಕ್ಸ್‌ನ ಒಂದು ರೂಪ) ನೋಡಿರುತ್ತಾರೆ, ಪೈಥಾನ್ ಭಾಷೆ ಮುಟ್ಟಿರುತ್ತಾರೆ. ಪ್ಲಸ್ ಟೂನಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದರೆ ಸಿ ಪ್ಲಸ್ ಪ್ಲಸ್ ಭಾಷೆ, ಪಾಯಿಂಟರ್ (ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್), ಎಸ್‌ಕ್ಯೂಎಲ್ (ಡೇಟಾಬೇಸಿನ ಭಾಷೆ) ಎಲ್ಲದರ ಪರಿಚಯವೂ ಆಗಿರುತ್ತದೆ. ಲಿನಕ್ಸ್ ಟರ್ಮಿನಲ್ ಕಂಡರೆ ಗಾಬರಿ ಆಗದೇ ಇರುವುದು ಸಣ್ಣ ಲಾಭ ಅಲ್ಲ.

ಕಷ್ಟ ಇರುವುದು ಬೇರೆ ಕಡೆ. ಕ್ಲಾಸಿನಲ್ಲಿ ವಿವರಣೆ ಮಲಯಾಳ ಬೆರೆತ ಇಂಗ್ಲಿಷಿನಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ, ತಲೆಯೊಳಗಿನ ಲೆಕ್ಕಾಚಾರ ಕನ್ನಡದಲ್ಲಿ. ಹಾಗಾಗಿ ಪಾಠ ಯಾವ ವೇಗದಲ್ಲಿ ಬರುತ್ತದೆ, ಅದನ್ನು ನಿಲ್ಲಿಸಿ ಮತ್ತೆ ಕೇಳಬಹುದಾ ಎನ್ನುವುದು ನಮಗೆ ಉಳಿದವರಿಗಿಂತ ಜಾಸ್ತಿ ಮುಖ್ಯ.

ಮೊದಲು ಕಾಲೇಜಿನ ವಿಷಯ. ಕ್ಲಾಸಿನ ದೊಡ್ಡ ತೊಂದರೆ ಸಮಯ. ಪಾಯಿಂಟರ್ ಎಂದರೇನು ಎಂದು ಬೋರ್ಡಿನಲ್ಲಿ ಬರೆದು, ಎರಡು ಸಂಖ್ಯೆ ಅದಲುಬದಲು ಮಾಡುವ ಪ್ರೋಗ್ರಾಂ ತೋರಿಸುವಷ್ಟರಲ್ಲಿ ಪೀರಿಯಡ್ ಮುಗಿದಿರುತ್ತದೆ. ಮರುದಿನ ಮುಂದಿನ ಪಾಠ. ಲ್ಯಾಬಿನಲ್ಲೂ ಬಹಳಷ್ಟು ಸಮಯ ರೆಕಾರ್ಡ್ ಬರೆಯುವುದಕ್ಕೇ ಹೋಗುತ್ತದೆ. ಆದರೆ ಲ್ಯಾಬಿನಲ್ಲಿ ಸಿಗುವ ಒಂದು ವಿಷಯ ಎಷ್ಟು ವಿಡಿಯೋ ನೋಡಿದರೂ ಸಿಗುವುದಿಲ್ಲ. ನಿಮ್ಮ ಬೆನ್ನ ಹಿಂದೆ ನಿಂತು, ನಿಮ್ಮ ಸ್ಕ್ರೀನನ್ನೇ ನೋಡಿ, "ಆ ಲೂಪ್ ಯಾವಾಗ ನಿಲ್ಲುತ್ತದೆ, ಹೇಳು ನೋಡುವ" ಎಂದು ಕೇಳುವ ಒಬ್ಬರು ಮಾಷ್ಟ್ರು ಇರುತ್ತಾರೆ. ಆಗ ಬಾಯಿಬಿಟ್ಟು ಹೇಳಲೇಬೇಕು. ವೈವಾಕ್ಕೆ ಅದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಈಗ ಸಿಎಸ್50. ಇದು ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಹಂತದ ಕೋರ್ಸು. ಡೇವಿಡ್ ಮಲಾನ್ ಪಾಠ ಮಾಡುತ್ತಾರೆ. ಕಲಿಯಲು ದುಡ್ಡು ಕೊಡಬೇಕಾಗಿಲ್ಲ. ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್‌ನಿಂದ ಶುರುವಾಗಿ, ಕೆಲವು ವಾರ ಸಿ ಭಾಷೆ, ಆಮೇಲೆ ಪೈಥಾನ್, ಎಸ್‌ಕ್ಯೂಎಲ್, ವೆಬ್. ಪಾಠಗಳು ಉದ್ದ, ಮಾತಿನ ವೇಗ ಜಾಸ್ತಿ. ಸಬ್‌ಟೈಟಲ್ ಹಾಕಿಕೊಂಡು, ವೇಗ ಇಳಿಸಿ ನೋಡಿದರೆ ಸರಿಹೋಗುತ್ತದೆ. ಆದರೆ ಈ ಕೋರ್ಸಿನ ಜೀವ ಪಾಠದಲ್ಲಿ ಇಲ್ಲ, ಪ್ರತಿ ವಾರ ಕೊಡುವ ಕೆಲಸದಲ್ಲಿ ಇದೆ. ಮೊದಲ ವಾರಗಳಲ್ಲಿ ಹ್ಯಾಷ್ (#) ಚಿಹ್ನೆಗಳಿಂದ ಒಂದು ಪಿರಮಿಡ್ ಪ್ರಿಂಟ್ ಮಾಡಿಸುತ್ತಾರೆ. ಸುಲಭ ಅನಿಸುತ್ತದೆ ಅಲ್ವಾ? ಬಲಗಡೆಗೆ ಸರಿಸಿ ನಿಲ್ಲಿಸಲು ಎಷ್ಟು ಖಾಲಿ ಜಾಗ ಬೇಕು ಎಂದು ಕಾಗದದಲ್ಲಿ ಲೆಕ್ಕ ಹಾಕದೆ ಅದು ಬರುವುದಿಲ್ಲ.

ನನಗೆ ಈ ಕೋರ್ಸು ಬೆಲೆಬಾಳುವುದು ಅನಿಸಿದ್ದು ಐದನೇ ವಾರದ ಕೆಲಸದಲ್ಲಿ. ಒಂದು ದೊಡ್ಡ ಪದಪಟ್ಟಿ ಕೊಡುತ್ತಾರೆ, ಅದರಲ್ಲಿ 1,43,091 ಇಂಗ್ಲಿಷ್ ಪದಗಳಿವೆ. ಅವನ್ನೆಲ್ಲ ಮೆಮೊರಿಗೆ ತುಂಬಿಕೊಂಡು, ಒಂದು ಬರಹದಲ್ಲಿ ತಪ್ಪು ಸ್ಪೆಲ್ಲಿಂಗ್ ಎಲ್ಲಿದೆ ಎಂದು ಹುಡುಕುವ ಪ್ರೋಗ್ರಾಂ ಸಿಯಲ್ಲಿ ಬರೆಯಬೇಕು. ಪದಗಳನ್ನು ಲಿಂಕ್ಡ್ ಲಿಸ್ಟ್‌ನಲ್ಲಿ ಇಡಬಹುದು: ಒಂದೊಂದು ಪದ ಒಂದು ನೋಡ್, ಪ್ರತಿ ನೋಡ್ ಮುಂದಿನದನ್ನು ತೋರಿಸುತ್ತದೆ, ಮೊದಲನೆಯದನ್ನು ತೋರಿಸುವುದು ಹೆಡ್. ಅದಕ್ಕೆ ಹೊಸ ನೋಡ್ ಸೇರಿಸುವಾಗ ಮೊದಲು ಹೊಸ ನೋಡ್ ಹಳೆಯ ಮೊದಲ ನೋಡನ್ನು ತೋರಿಸಬೇಕು, ಆಮೇಲೆ ಹೆಡ್ ಹೊಸ ನೋಡಿಗೆ ಬರಬೇಕು. ಈ ಎರಡು ಸಾಲು ಅದಲುಬದಲಾದರೆ ಹಿಂದಿನ ಪಟ್ಟಿ ಪೂರ್ತಿ ಕೈತಪ್ಪುತ್ತದೆ. ಇದನ್ನು ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಬರೆದು ಪೂರ್ತಿ ಮಾರ್ಕು ತೆಗೆಯಬಹುದು. ಆದರೆ ಒಂದೂವರೆ ಲಕ್ಷದ ಹತ್ತಿರ ಪದಗಳನ್ನು ಹಾಕಿ ಓಡಿಸಿದಾಗ ಅದರ ಅರ್ಥ ಬೇರೆಯೇ.

ಮೆಮೊರಿ ಬಳಕೆಯ ತಪ್ಪು ಹುಡುಕುವ ವಾಲ್‌ಗ್ರಿಂಡ್ ಎಂಬ ಸಾಧನವನ್ನೂ ಅಲ್ಲೇ ಬಳಸಿಸುತ್ತಾರೆ. ಹತ್ತು ಇಂಟ್‌ಗಳಿಗೆ (ಪೂರ್ಣಾಂಕಗಳಿಗೆ, ಒಂದಕ್ಕೆ 4 ಬೈಟ್) ಮ್ಯಾಲಾಕ್ ಮಾಡಿ, ಅಂದರೆ ಮೆಮೊರಿ ಕೇಳಿ ಪಡೆದು, ಫ್ರೀ ಮಾಡದೆ, ಅಂದರೆ ವಾಪಸ್ ಕೊಡದೆ ಬಿಟ್ಟರೆ, 40 ಬೈಟ್ ಕಳೆದುಹೋಗಿದೆ ಎಂದು ಅದು ತೋರಿಸುತ್ತದೆ. ಪ್ರೋಗ್ರಾಂ ಸರಿಯಾದ ಉತ್ತರ ಕೊಟ್ಟಿದ್ದರೂ ತೋರಿಸುತ್ತದೆ. ಔಟ್‌ಪುಟ್ ಬಂದರೆ ಸಾಕು ಎನ್ನುವ ಅಭ್ಯಾಸ ಅಲ್ಲಿಗೆ ಹೋಗುತ್ತದೆ.

ನಮ್ಮ ಊರಿನವರು ಒಂದು ವಿಷಯ ತಿಳಿದಿರಬೇಕು. ಸಿಎಸ್50ಯ ಕೋಡ್ ಬರೆಯುವ ಜಾಗ ಬ್ರೌಸರಿನಲ್ಲಿದೆ, ನೆಟ್ ಬಿಡದೆ ಬೇಕು. ಎಣ್ಮಕಜೆ, ಬೆಳ್ಳೂರು ಕಡೆಯ ಗುಡ್ಡಗಳ ನಡುವೆ, ಅದೂ ಜೂನ್ ಜುಲೈ ಮಳೆಯಲ್ಲಿ ಕರೆಂಟ್ ಹೋದರೆ ನೆಟ್ಟೂ ಹೋಯಿತು ಎಂದೇ ಲೆಕ್ಕ. ಅದಕ್ಕೆ ಉಬುಂಟು ಇರುವ ಹಳೆ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು. ಸಿ ಪ್ರೋಗ್ರಾಂ ಓಡಿಸಲು ಬೇಕಾದ ಜಿಸಿಸಿ ಕಂಪೈಲರ್ ಹಾಕಿಕೊಂಡು, ಅವರ ಸಣ್ಣ ಲೈಬ್ರರಿಯನ್ನೂ ಇಳಿಸಿಕೊಂಡರೆ ಬಹುತೇಕ ಕೆಲಸ ನೆಟ್ ಇಲ್ಲದೆ ನಡೆಯುತ್ತದೆ. ಒಪ್ಪಿಸುವಾಗ ಮಾತ್ರ ಸಿಗ್ನಲ್ ಇರುವ ಕಡೆ ಹೋದರಾಯಿತು.

ಎನ್‌ಪಿಟೆಲ್ ಈ ವಿಷಯದಲ್ಲಿ ಸಲೀಸು. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್ಸಿ ಸೇರಿ ನಡೆಸುವ ಕೋರ್ಸುಗಳು ಇವು. ವಿಡಿಯೋಗಳನ್ನು ಕಾಲೇಜಿನಲ್ಲೋ ಪೇಟೆಯಲ್ಲೋ ಇಳಿಸಿಕೊಂಡು ಬಸ್ಸಿನಲ್ಲಿ ನೋಡಬಹುದು. ಪಾಠದ ಮಾತುಗಳೆಲ್ಲ ಪಿಡಿಎಫ್ ಆಗಿ ಸಿಗುತ್ತವೆ, ಕೆಲವು ಕೋರ್ಸುಗಳಿಗೆ ಕನ್ನಡದಲ್ಲೂ ಇವೆ. ಕನ್ನಡದ ಪಿಡಿಎಫ್ ಒಂದನ್ನೇ ಓದಿದರೆ ಸಾಲದು, ಪರೀಕ್ಷೆಗೆ ಇಂಗ್ಲಿಷ್ ಪದಗಳೇ ಬೇಕಲ್ಲ. ವಿಡಿಯೋ ಓಡುತ್ತಿರುವಾಗ ಪಕ್ಕದಲ್ಲಿ ಇಟ್ಟುಕೊಳ್ಳಿ, ತುಂಬಾ ಸಹಾಯ ಆಗುತ್ತದೆ.

ನಾನು ಮಾಡಿದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟಿನ ಮಾಧವನ್ ಮುಕುಂದ್ ಅವರ ಪೈಥಾನ್ ಮತ್ತು ಡೇಟಾ ಸ್ಟ್ರಕ್ಚರ್ (ಡೇಟಾವನ್ನು ಜೋಡಿಸಿಡುವ ರೀತಿ) ಕೋರ್ಸು. ಅವಸರ ಇಲ್ಲ, ಆಡಂಬರ ಇಲ್ಲ. ಒಂದೊಂದು ಮಾತೂ ಕಿವಿಗೆ ಸ್ಪಷ್ಟ. ಬಿಗ್ ಓ (ಡೇಟಾ ಹೆಚ್ಚಿದಂತೆ ಕೆಲಸ ಎಷ್ಟು ಹೆಚ್ಚುತ್ತದೆ ಎನ್ನುವ ಅಳತೆ) ಎನ್ನುವುದು ಬರೀ ಪರೀಕ್ಷೆಗೆ ಬಾಯಿಪಾಠ ಮಾಡುವ ಚಿಹ್ನೆ ಅಲ್ಲ ಎಂದು ಮನದಟ್ಟಾಗುವುದು ಇಂಥ ಪಾಠದಲ್ಲಿ. ಲೆಕ್ಕ ಹಾಕಿ ನೋಡಿ. ಪೈಥಾನ್ ಸೆಕೆಂಡಿಗೆ ಸುಮಾರು ಒಂದು ಕೋಟಿ ಸಣ್ಣ ಹೆಜ್ಜೆ ಇಡುತ್ತದೆ ಎಂದಿಟ್ಟುಕೊಳ್ಳುವ. ಹತ್ತು ಲಕ್ಷ ಸಂಖ್ಯೆಗಳನ್ನು ಕ್ರಮದಲ್ಲಿ ಜೋಡಿಸಬೇಕು. ಎನ್ ಸ್ಕ್ವೇರ್ ವಿಧಾನವಾದರೆ (ಹತ್ತು ಲಕ್ಷವನ್ನು ಹತ್ತು ಲಕ್ಷದಿಂದ ಗುಣಿಸಿದಷ್ಟು ಹೆಜ್ಜೆ) ಒಂದು ಲಕ್ಷ ಸೆಕೆಂಡು, ಅಂದರೆ ಒಂದು ದಿನಕ್ಕೂ ಮೇಲೆ. ಪಟ್ಟಿಯನ್ನು ಅರ್ಧ ಅರ್ಧ ಮಾಡಿ ಜೋಡಿಸುವ ಮರ್ಜ್ ಸಾರ್ಟ್ ಆದರೆ ಎರಡು ಸೆಕೆಂಡಿನ ಆಸುಪಾಸು. ಈ ಅಂತರ ಒಮ್ಮೆ ತಲೆಗೆ ಹೋದರೆ ಮತ್ತೆ ಯಾರೂ ನೆನಪಿಸಬೇಕಾಗಿಲ್ಲ.

ಇನ್ನು, ಆ ಪದಪಟ್ಟಿಗೆ ವಾಪಸ್ ಹೋಗಿ ನೋಡಿದರೆ ಎರಡೂ ಕೋರ್ಸು ಹೇಗೆ ಕೂಡುತ್ತವೆ ಎಂದು ಕಾಣುತ್ತದೆ. ಎಲ್ಲ ಪದಗಳನ್ನು ಒಂದೇ ಪಟ್ಟಿಗೆ ಹಾಕಿದರೆ ಹುಡುಕಾಟ ತೆವಳುತ್ತದೆ. ಮೊದಲ ಅಕ್ಷರ ನೋಡಿ 26 ಪಟ್ಟಿ ಮಾಡಿದರೆ ಒಂದೊಂದರಲ್ಲಿ ಸರಾಸರಿ ಐದೂವರೆ ಸಾವಿರ ಪದ. ಅದೂ ಸಮವಾಗಿ ಹಂಚಿಹೋಗುವುದಿಲ್ಲ, ಎಕ್ಸ್‌ನಿಂದ ಶುರುವಾಗುವ ಪದ ಎಷ್ಟಿರಬಹುದು ಹೇಳಿ? ಪಟ್ಟಿಗಳ ಸಂಖ್ಯೆ ಹೆಚ್ಚಿಸಿ, ಪದ ಯಾವ ಪಟ್ಟಿಗೆ ಹೋಗಬೇಕು ಎಂದು ಹೇಳುವ ಹ್ಯಾಷ್ ಫಂಕ್ಷನ್ ಸುಧಾರಿಸಿದಂತೆ ಸ್ಕ್ರೀನಿನಲ್ಲಿ ಬರುವ ಸಮಯ ಕಡಿಮೆಯಾಗುತ್ತಾ ಹೋಗುತ್ತದೆ. ಸಿಎಸ್50 ಅದನ್ನು ಕಣ್ಣಿಗೆ ತೋರಿಸುತ್ತದೆ, ಎನ್‌ಪಿಟೆಲ್ ಪಾಠ ಅದಕ್ಕೆ ಲೆಕ್ಕ ಕೊಡುತ್ತದೆ. ಅದಕ್ಕೇ ನಾನು ಹೇಳುವುದು, ಮೊದಲು ಬರೆಯಿರಿ, ಆಮೇಲೆ ಎನ್‌ಪಿಟೆಲ್ ನೋಡಿ. ತಿರುಗಿಸಿ ಮಾಡಿದರೆ ಹ್ಯಾಷಿಂಗ್ ಪಾಠ ಗಾಳಿಯಲ್ಲಿ ನಿಂತಂತೆ ಇರುತ್ತದೆ.

ಎನ್‌ಪಿಟೆಲ್‌ನ ಕೊರತೆಯನ್ನೂ ಹೇಳಬೇಕು. ಎಲ್ಲ ಕೋರ್ಸೂ ಒಂದೇ ಮಟ್ಟದ್ದಲ್ಲ. ಕೆಲವದರಲ್ಲಿ ವಾರದ ಕೆಲಸ ಎಂದರೆ ನಾಲ್ಕರಲ್ಲಿ ಒಂದು ಉತ್ತರ ಆರಿಸುವುದು ಮಾತ್ರ. ಅಂಥದ್ದರಲ್ಲಿ ಪ್ರೋಗ್ರಾಂ ಬರೆಯಲು ಬರುವುದಿಲ್ಲ, ಬಂದಂತೆ ಅನಿಸುತ್ತದೆ ಅಷ್ಟೆ. ಸೇರುವ ಮೊದಲು ಪ್ರೋಗ್ರಾಮಿಂಗ್ ಅಸೈನ್‌ಮೆಂಟ್ ಇದೆಯಾ ನೋಡಿಕೊಳ್ಳಿ. ಬಹುತೇಕ ಕೋರ್ಸುಗಳಲ್ಲಿ ಸರ್ಟಿಫಿಕೇಟಿಗೆ ವಾರದ ಕೆಲಸದಿಂದ 25, ಕೊನೆಯ ಪರೀಕ್ಷೆಯಿಂದ 75 ಅಂಕ. ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ, ಅದನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಸ್ವಯಂ (ಎನ್‌ಪಿಟೆಲ್ ಕೋರ್ಸುಗಳೂ ನಡೆಯುವ ಕೇಂದ್ರ ಸರಕಾರದ ತಾಣ) ಮೂಲಕ ಮಾಡಿದ ಕೋರ್ಸನ್ನು ಡಿಗ್ರಿಯ ಕ್ರೆಡಿಟ್ ಆಗಿ ಸೇರಿಸಿಕೊಳ್ಳಲು ಯುಜಿಸಿ ನಿಯಮದಲ್ಲಿ ಅವಕಾಶ ಇದೆ. 2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಬಂದ ಮೇಲೆ ಇದು ಉಪಯೋಗಕ್ಕೆ ಬರಬಹುದು. ಆದರೆ ಕೋರ್ಸಿಗೆ ಹೆಸರು ಕೊಡುವ ಮೊದಲೇ ಕಾಲೇಜಿನಲ್ಲಿ ಕೇಳಿ ಒಪ್ಪಿಗೆ ಪಡೆಯಿರಿ.

ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ನೆಟ್‌ವರ್ಕ್ ಇಂಥ ವಿಷಯಗಳಿಗೆ ಸಿಎಸ್50 ಸಾಲದು, ಅದು ಬಾಗಿಲು ತೆರೆದು ತೋರಿಸುವ ಕೋರ್ಸು ಮಾತ್ರ. ಅಲ್ಲಿ ಎನ್‌ಪಿಟೆಲ್ ಮತ್ತು ಕ್ಲಾಸು ಎರಡೇ ಇರಲಿ.

ನಿಮ್ಮ ಬ್ಯಾಚಿನಲ್ಲಿ ಕನ್ನಡದವರು ಇನ್ನಿಬ್ಬರು ಇದ್ದರೂ ಸಾಕು, ಸಿಎಸ್50ಯನ್ನು ಜೊತೆಯಲ್ಲಿ ಮಾಡಿ. ಕೋಡ್ ಒಬ್ಬೊಬ್ಬರೇ ಬರೆಯಿರಿ, ಕಾಪಿ ಬೇಡವೇ ಬೇಡ. ಆದರೆ ಪಾಯಿಂಟರ್ ಯಾವುದನ್ನು ತೋರಿಸುತ್ತಿದೆ ಎಂದು ಕಾಗದದಲ್ಲಿ ಚೌಕ ಹಾಕಿ, ಬಾಣ ಎಳೆದು, ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಿ. ಆ ಚಿತ್ರ ಸರಿ ಬಂದ ಮೇಲೆ ಕೀಬೋರ್ಡ್ ಮುಟ್ಟಿ. ಮೊದಲ ಸೆಮಿಸ್ಟರಿನ ರಜೆಗೆ ಐದನೇ ವಾರದವರೆಗೆ ಮುಗಿಸಿಕೊಂಡರೆ, ಡೇಟಾ ಸ್ಟ್ರಕ್ಚರ್ ಕ್ಲಾಸು ಶುರುವಾಗುವಾಗ ಮಾಷ್ಟ್ರಲ್ಲಿ ಕೇಳಲು ನಿಮ್ಮ ಹತ್ತಿರ ಒಳ್ಳೆಯ ಪ್ರಶ್ನೆಗಳಿರುತ್ತವೆ.