ಹೊಲದಲ್ಲಿ ಸಿಕ್ಕ ಹಳೇ ಕಾಸನ್ನು ಯಾರಿಗೂ ತೊಳೆಯಲು ಕೊಡಬೇಡಿ

ಹೊಲ ಉಳುವಾಗ, ಪಾಯ ತೆಗೆಯುವಾಗ ಹಳೇ ತಾಮ್ರದ ಕಾಸು ಸಿಕ್ಕಿದರೆ ದಯವಿಟ್ಟು ಉಜ್ಜಬೇಡಿ. ಹುಣಸೆಹಣ್ಣು ಬೇಡ, ನಿಂಬೆಹಣ್ಣು ಬೇಡ, ಆ್ಯಸಿಡ್ ಅಂತೂ ಬೇಡವೇ ಬೇಡ. ಮೆಟಲ್ ಡಿಟೆಕ್ಟರ್ ಹಿಡಿದು ಬಂದು "ಯಾವ ಕಾಲದ್ದು ಅಂತ ನಾನು ಹೇಳ್ತೀನಿ" ಎನ್ನುವವರನ್ನು ಜಮೀನಿನೊಳಗೆ ಬಿಡಲೂಬೇಡಿ. ನಮ್ಮ ಸೋದರಮಾವನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮಾವನ ಊರು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿದೆ. 1792ರಲ್ಲಿ ಮತ್ತು 1799ರಲ್ಲಿ ಪಟ್ಟಣಕ್ಕೆ ಮುತ್ತಿಗೆ ಬಿದ್ದ ಸೀಮೆ ಅದು. ಮಣ್ಣಿನಲ್ಲಿ ಕಾಸು, ಸೀಸದ ಗುಂಡು ಸಿಕ್ಕರೆ ಅಲ್ಲಿ ಆಶ್ಚರ್ಯವಿಲ್ಲ. ಕಬ್ಬಿನ ಗದ್ದೆ ಮಟ್ಟ ಮಾಡಿಸುವಾಗ ಒಂದು ಹಿಡಿಯಷ್ಟು ಸವೆದ ಕಾಸು ಮೇಲೆ ಬಂದವು. ಸುದ್ದಿ ಹೇಗೋ ಹಬ್ಬಿತು. ಸ್ವಲ್ಪ ದಿನಕ್ಕೆ ಒಬ್ಬ ಡಿಟೆಕ್ಟರ್ ಸಮೇತ ಬೈಕಿನಲ್ಲಿ ಬಂದಿಳಿದ.

"ಗೌಡ್ರೇ, ಹಿಂಗೆ ಕಿಲುಬು ಹಿಡ್ದಿದ್ರೆ ಇವನ್ನ ಯಾರೂ ಮೂಸಲ್ಲ. ತೊಳೆದು ಕೊಡ್ತೀನಿ, ಸರ್ಟಿಫಿಕೇಟೂ ಮಾಡಿಸ್ತೀನಿ" ಅಂದನಂತೆ. ಮಾವ ಒಪ್ಪಿದರು. ಅವನು ಗದ್ದೆಯಲ್ಲೆಲ್ಲಾ ಗುಂಡಿ ತೋಡಿದ. ಸಿಕ್ಕಿದ್ದನ್ನೆಲ್ಲ, ಕಾಸು, ಗುಂಡು, ತುಕ್ಕು ಹಿಡಿದ ಕಬ್ಬಿಣ ಯಾವುದನ್ನೂ ಬೇರೆ ಮಾಡದೆ ಒಂದೇ ಬಕೆಟ್ಟಿಗೆ ಹಾಕಿದ. ಆಮೇಲೆ ಕಾಸುಗಳನ್ನು ಆ್ಯಸಿಡ್‌ನಲ್ಲಿ ಮುಳುಗಿಸಿ, ತಂತಿ ಬ್ರಷ್‌ನಲ್ಲಿ ತಿಕ್ಕಿದ. "ಎಲ್ಲಾ ಟಿಪ್ಪು ಕಾಲದ್ದೇ" ಎಂದು ಹೇಳಿ ಸರ್ಟಿಫಿಕೇಟಿಗೆ ಅಂತ ದುಡ್ಡು ತೆಗೆದುಕೊಂಡ. ಚೆನ್ನಾಗಿ ಕಂಡವನ್ನು ಬೆಂಗಳೂರಿನಲ್ಲಿ ತೋರಿಸಿ ತರುತ್ತೇನೆಂದು ಕಿಸೆಗೆ ಹಾಕಿಕೊಂಡು ಹೋದ. ಅವನ ಫೋನ್ ಸ್ವಿಚ್ ಆಫ್ ಆದ ಮೇಲೆಯೇ ವಿಷಯ ನನ್ನ ಕಿವಿಗೆ ಬಿದ್ದದ್ದು.

ಉಳಿದ ಕಾಸುಗಳನ್ನು ನಾನು ನಾಣ್ಯ ಸಂಗ್ರಹಿಸುವ ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ ತೆಗೆದುಕೊಂಡು ಹೋದೆ. ಅವರು ಒಂದೊಂದನ್ನೂ ತೂಗಿ, ಭೂತಗನ್ನಡಿ ಹಿಡಿದು ನೋಡಿ, "ಇದರಲ್ಲಿ ಓದೋಕೆ ಏನೂ ಉಳಿದಿಲ್ಲ ಕಣಪ್ಪ" ಅಂದರು. ಎರಡು ಕಾಸಿನ ಮೇಲೆ ಆನೆಯ ಬೆನ್ನಿನ ಗೆರೆ ಮಸುಕಾಗಿ ಕಾಣುತ್ತಿತ್ತು. ಅಷ್ಟೇ.

ಆನೆ ಇದ್ದರೆ ಟಿಪ್ಪು ಕಾಸು ಎಂದು ನಮ್ಮ ಕಡೆ ತುಂಬಾ ಜನ ನಂಬಿದ್ದಾರೆ. ಅದು ನಿಜವಲ್ಲ. ವಿಜಯನಗರದ ದೇವರಾಯನ ತಾಮ್ರದ ಕಾಸಿನಲ್ಲೂ ಆನೆ ಇದೆ. ಮೈಸೂರು ಒಡೆಯರ ಸಣ್ಣ ಕಾಸಿನಲ್ಲೂ ಇದೆ. ಹೈದರಾಲಿಯೂ ಆನೆ ಹಾಕಿಸಿದ್ದ. ಟಿಪ್ಪು ಅದನ್ನೇ ಮುಂದುವರಿಸಿದ. ಅವನ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಆನೆ ಬಂತು. ಹಾಗಾಗಿ ಗುರುತು ಹಿಡಿಯುವುದು ಇನ್ನೊಂದು ಮುಖದಿಂದ. ಅಡ್ಡ ಉದ್ದ ಗೀರಿದ ಚೌಕಳಿ ಗೆರೆ ಇದ್ದರೆ ಒಡೆಯರ ಹಳೇ ಕಾಸಿನ ಕಡೆ ನೋಡಬೇಕು. ಸಾಲಾಗಿ ನಾಗರಿ ಅಕ್ಷರವಿದ್ದರೆ ವಿಜಯನಗರದ ಕಡೆ. ಕನ್ನಡ ಅಕ್ಷರದ ಜೊತೆಗೆ ಇಂಗ್ಲಿಷಿನಲ್ಲಿ ಕ್ಯಾಶ್ ಅಂತ ಇದ್ದರೆ ಮುಮ್ಮಡಿಯವರ ಕಾಲದ್ದು. ಪರ್ಶಿಯನ್ ಬರಹ ಇದ್ದರೆ ಟಿಪ್ಪುವಿನದಿರಬಹುದು, ಆಗ ಟಂಕಸಾಲೆಯ ಹೆಸರು ಹುಡುಕಬೇಕು. ಪಟ್ಟಣ (ಶ್ರೀರಂಗಪಟ್ಟಣ), ನಗರ (ಬಿದನೂರು), ಚಿತ್ರದುರ್ಗಕ್ಕೆ ಅವನು ಇಟ್ಟಿದ್ದ ಹೆಸರಾದ ಫರ್ರುಖ್‌ಯಾಬ್ ಹಿಸಾರ್, ಹೀಗೆ ಹಲವು. ಅವನೇ ಜಾರಿಗೆ ತಂದ ಮೌಲೂದಿ ಎಂಬ ವರ್ಷಗಣನೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ಗೊತ್ತಿಲ್ಲದೆ ಇಸವಿ ಹೇಳಿದರೆ ಪೂರಾ ತಪ್ಪಾಗುತ್ತದೆ.

ಎರಡೂ ಮುಖ ಸವೆದಿದ್ದರೆ? ಆಗ ತೂಕವೇ ಆಧಾರ. ಟಿಪ್ಪುವಿನ ಒಂದು ಪೈಸೆ ಸುಮಾರು 11 ಗ್ರಾಂ, ಎರಡು ಪೈಸೆಯದು ಹೆಚ್ಚುಕಡಿಮೆ ಅದರ ಎರಡರಷ್ಟು. ಅಂಚು ನೋಡಬೇಕು. ಕೈಯಲ್ಲಿ ಅಚ್ಚು ಹಾಕಿದ್ದು ವಕ್ರವಾಗಿರುತ್ತದೆ. ಕಂಪನಿ ಸರ್ಕಾರದ 1835ರ ಕಾಲಾಣೆ ಯಂತ್ರದ್ದು, ಸವೆದರೂ ದುಂಡಗೆ ಇರುತ್ತದೆ. ಆ್ಯಸಿಡ್ ಹಾಕಿದರೆ ತಾಮ್ರ ಕರಗುತ್ತದೆ, ತೂಕವೂ ಸುಳ್ಳಾಗುತ್ತದೆ. ನನಗೆ ಜಾಸ್ತಿ ಸಂಕಟವಾದದ್ದು ಇದಕ್ಕೇ. ಆ ಮನುಷ್ಯ ಅಕ್ಷರದ ಜೊತೆಗೆ ಕೊನೇ ಆಧಾರವನ್ನೂ ತೊಳೆದು ಹಾಕಿದ್ದ.

ಕಿಲುಬು ಎಂದರೆ ಕೊಳೆಯಲ್ಲ. ನೂರಾರು ವರ್ಷ ಮಣ್ಣಿನಲ್ಲಿದ್ದಾಗ ಕಾಸಿನ ಮೇಲ್ಪದರವೇ ಹಸಿರು, ಕಂದು ಬಣ್ಣಕ್ಕೆ ತಿರುಗುತ್ತದೆ. ಎಷ್ಟೋ ಸಲ ಅಕ್ಷರ ಉಳಿದಿರುವುದು ಆ ಪದರದಲ್ಲೇ. ಅದನ್ನು ಕಿತ್ತರೆ ಕೆಳಗೆ ಸಿಗುವುದು ಬರೀ ಬೋಳು ತಾಮ್ರ.

ಬೇರೆ ಸಾಮಾನಿನ ಕಥೆಯೂ ಇದೇ. ಸೀಸದ ಗುಂಡಿನ ಮೇಲೆ ಬಿಳಿ ಪದರ ಕಟ್ಟಿರುತ್ತದೆ, ಅದನ್ನು ಕೆರೆಯಬಾರದು. ಸೀಸ ವಿಷ, ಮುಟ್ಟಿದ ಮೇಲೆ ಕೈ ತೊಳೆಯಿರಿ. ತುಕ್ಕು ಹಿಡಿದ ಕಬ್ಬಿಣದ ಕೊಳವೆಯನ್ನು ಗುಜರಿಗೆ ಹಾಕುವ ಮುಂಚೆ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರವನ್ನು ನೆನಪಿಸಿಕೊಳ್ಳಿ. 2002ರಲ್ಲಿ ಅಲ್ಲಿ ಸಿಕ್ಕಿದ್ದ ಕಬ್ಬಿಣದ ಕೊಳವೆಗಳು ಟಿಪ್ಪು ಕಾಲದ ರಾಕೆಟ್ ಎಂದು ಗುರುತಾಗಲು ವರ್ಷಗಳೇ ಬೇಕಾದವು. 2018ರಲ್ಲಿ ಅಲ್ಲೇ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕವು. ಅವನ್ನು ಯಾರಾದರೂ ಮೊದಲೇ ಸುಲಿದು ಹೊಳಪು ಮಾಡಿದ್ದರೆ ಏನೂ ತಿಳಿಯುತ್ತಿರಲಿಲ್ಲ, ಅಲ್ವಾ?

ನಿಮಗೆ ಏನಾದರೂ ಸಿಕ್ಕರೆ ಜಾಗ ಅಗೆಯುವುದನ್ನು ನಿಲ್ಲಿಸಿ. ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂದು ಬರೆದಿಡಿ. ಒಟ್ಟಿಗೆ ಸಿಕ್ಕ ಕಾಸುಗಳಲ್ಲಿ ಒಂದು ಓದಲು ಬಂದರೂ ಉಳಿದವುಗಳ ಕಾಲ ಊಹಿಸಬಹುದು. ಬಕೆಟ್ಟಿಗೆ ಸುರಿದರೆ ಆ ದಾರಿಯೂ ಮುಚ್ಚುತ್ತದೆ. ಒಂದೊಂದನ್ನೂ ಬೇರೆ ಬೇರೆ ಕಾಗದದ ಕವರಿನಲ್ಲಿಡಿ. ಟಾರ್ಚನ್ನು ಪಕ್ಕದಿಂದ, ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ನೇರ ಬೆಳಕಿನಲ್ಲಿ ಕಾಣದ ಗೆರೆ ಆಗ ನೆರಳಿನಲ್ಲಿ ಎದ್ದು ಕಾಣುತ್ತದೆ. ಚಿನ್ನಬೆಳ್ಳಿ ಅಂಗಡಿಯಲ್ಲಿ ತೂಕ ಹಾಕಿಸಿಕೊಳ್ಳಬಹುದು.

ಮುಚ್ಚಿಡುವುದು ಮಾತ್ರ ಬೇಡ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ಮಣ್ಣಿನಲ್ಲಿ ಅಡಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ನಾವೂ ಉಳಿದ ಕಾಸು, ಗುಂಡುಗಳ ವಿಷಯ ತಹಶೀಲ್ದಾರ್ ಕಚೇರಿಗೆ ಬರೆದುಕೊಟ್ಟಿದ್ದೇವೆ. ಕೋಟೆ, ದೇವಸ್ಥಾನದಂಥ ಸಂರಕ್ಷಿತ ಜಾಗದಲ್ಲಿ ಡಿಟೆಕ್ಟರ್ ಹಿಡಿದು ಅಗೆದರೆ ಕೇಸು ಬೀಳುತ್ತದೆ.

ಫೋನಿನಲ್ಲಿ "ನಿಮ್ಮ ಕಾಸಿಗೆ ಲಕ್ಷ ಕೊಡ್ತೀವಿ, ಮೊದಲು ಫೀಸು ಕಟ್ಟಿ" ಎನ್ನುವವರೂ ಇದ್ದಾರೆ. ತಮ್ಮ ಹೆಸರು ಹೇಳಿಕೊಂಡು ಹೀಗೆ ಶುಲ್ಕ ಕೇಳುವವರಿಗೆ ಮರುಳಾಗಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ.

ಡಿಟೆಕ್ಟರಿನವನು ಈಗ ಅಕ್ಕಪಕ್ಕದ ಊರುಗಳಲ್ಲೂ ಸುತ್ತುತ್ತಿದ್ದಾನೆ ಎಂದು ಕೇಳಿದೆ. ಮೊದಲು ಬಿಟ್ಟಿ ತೊಳೆದುಕೊಡುತ್ತೇನೆ ಎನ್ನುತ್ತಾನೆ, ಸರ್ಟಿಫಿಕೇಟಿನ ಮಾತು ಆಮೇಲೆ. ನಿಮ್ಮ ಊರಿಗೆ ಬಂದರೆ ಬೈಕಿನ ನಂಬರ್ ಬರೆದುಕೊಂಡು 112ಕ್ಕೆ ಫೋನ್ ಮಾಡಿ.